ಅಂತಿಯೋಕ್ಯದ ಊಟದ ಪಂಕ್ತಿ

ಮುಂಬಯಿ, ಪುಣೆಗಳಂಥ ಊರುಗಳಲ್ಲಿ ನೆಲೆಸಿದ ನಮ್ಮವರಿಗೆ ಒಂದು ಅನುಕೂಲವುಂಟು. ಒಂದೇ ಮಹಡಿಯಲ್ಲಿ ನಾಲ್ಕು ಮತಗಳ ನಾಲ್ಕು ಅಡಿಗೆಮನೆಗಳಿರುವುದರಿಂದ ಪರಧರ್ಮದ ಸಂಗತಿ ಪುಸ್ತಕದಿಂದ ತಿಳಿಯುವ ಮೊದಲೇ ಒಗ್ಗರಣೆಯ ವಾಸನೆಯಿಂದ ತಿಳಿದುಬಿಡುತ್ತದೆ. ಹೀಗೆ ನೆರೆಹೊರೆಯನ್ನು ಕಣ್ಣುಬಿಟ್ಟು ನೋಡುವ ಓದುಗರು ಆಗಾಗ ನಮ್ಮನ್ನು ಕೇಳುವ ಪ್ರಶ್ನೆಯೊಂದಿದೆ. ಕ್ರೈಸ್ತರು ಕೈಯಲ್ಲಿ ಹಿಡಿಯುವ ಬೈಬಲಿನ ಮುಕ್ಕಾಲು ಪಾಲು ಹಳೆಯ ಒಡಂಬಡಿಕೆ. ಅಂದರೆ ಯೆಹೂದ್ಯರ ಧರ್ಮಗ್ರಂಥ. ಹಂದಿಮಾಂಸ ಕೂಡದು, ಶನಿವಾರ ಕೆಲಸ ಕೂಡದು, ಗಂಡುಮಗುವಿಗೆ ಎಂಟನೆಯ ದಿನ ಸುನ್ನತಿ ಆಗಲೇಬೇಕು ಎಂದು ಅದರಲ್ಲಿ ಸ್ಪಷ್ಟವಾಗಿಯೇ ಇದೆ. ಪುಸ್ತಕವನ್ನು ದೇವವಾಕ್ಯವೆಂದು ತಲೆಯ ಮೇಲಿಟ್ಟುಕೊಂಡು, ಅದರ ಕಟ್ಟಳೆಗಳನ್ನು ಮಾತ್ರ ಕೆಳಗಿಟ್ಟದ್ದು ಹೇಗೆ?

ಯೇಸು ಬಂದು ಅವನ್ನೆಲ್ಲ ರದ್ದು ಮಾಡಿದ ಎಂಬುದು ಸಾಮಾನ್ಯವಾಗಿ ದೊರೆಯುವ ಉತ್ತರ. ಈ ಉತ್ತರ ಚಿಕ್ಕದು, ಹೇಳುವುದಕ್ಕೂ ಸುಲಭ. ನಡೆದ ಕಥೆ ಹಾಗಿಲ್ಲ. ನಿಜವಾಗಿ ಆ ಜಗಳ ಹುಟ್ಟಿದ್ದು ಒಂದು ಊಟದ ಪಂಕ್ತಿಯಲ್ಲಿ. ಪಂಕ್ತಿಭೇದವೆಂದರೇನೆಂದು ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲವಾದ್ದರಿಂದ ಆ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ.

ಮೊದಲು ಆ ಕಟ್ಟಳೆ ಎಂಥದೆಂಬುದನ್ನು ನೋಡೋಣ. ಯೆಹೂದ್ಯರು ತಮ್ಮ ವೇದದ ಮೊದಲ ಐದು ಭಾಗಗಳನ್ನು ‘ತೋರಾ’ ಎನ್ನುತ್ತಾರೆ. ಕನ್ನಡ ಬೈಬಲಿನಲ್ಲಿ ಅವು ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ, ಧರ್ಮೋಪದೇಶಕಾಂಡ. ರಾಮಾಯಣ ಓದಿದವರಿಗೆ ಈ ಹೆಸರುಗಳು ಕಿವಿಗೆ ಹಿತವಾಗಿಯೇ ಇರುತ್ತವೆ. ಆ ಕಟ್ಟಳೆಗಳ ಮೊತ್ತಕ್ಕೆ ಕನ್ನಡದ ಭಾಷಾಂತರಕಾರರು ‘ಧರ್ಮಶಾಸ್ತ್ರ’ ಎಂದರು. ಒಳ್ಳೆಯ ಮಾತನ್ನೇ ಹುಡುಕಿದರೆಂದು ನಮ್ಮ ಅಭಿಪ್ರಾಯ. ಏಕೆಂದರೆ ನಮ್ಮ ಧರ್ಮಶಾಸ್ತ್ರಗಳಂತೆ ಅದರಲ್ಲಿಯೂ ಪೂಜೆ, ಸೂತಕ, ಮಡಿ, ಆಹಾರ, ಮದುವೆ, ಸಾಲ, ದಂಡನೆ ಎಲ್ಲವೂ ಒಂದರ ಮಗ್ಗುಲಲ್ಲಿ ಒಂದು ಬರುತ್ತವೆ. ಕುರಿಯ ಉಣ್ಣೆಯನ್ನೂ ನಾರಿನ ನೂಲನ್ನೂ ಕೂಡಿಸಿ ನೇಯ್ದ ಬಟ್ಟೆ ತೊಡಬಾರದೆಂಬ ವಿಧಿಯುಂಟು. ಪೈರು ಕೊಯ್ಯುವಾಗ ಹೊಲದ ಅಂಚನ್ನು ಬಡವರಿಗೂ ಪರದೇಶಿಗಳಿಗೂ ಬಿಟ್ಟುಬಿಡಬೇಕೆಂಬ ವಿಧಿಯೂ ಉಂಟು. ಯೆಹೂದ್ಯ ಪಂಡಿತರು ಇವುಗಳನ್ನೆಲ್ಲ ಎಣಿಸಿ 613 ಎಂದಿದ್ದಾರೆ: ಮಾಡಬೇಕಾದವು 248, ಮಾಡಬಾರದವು 365.

ಇವು ಬರಿಯ ಆಚಾರವೆಂದು ಯಾರಾದರೂ ಮೂಗು ಮುರಿಯುವುದಾದರೆ ಕ್ರಿಸ್ತಪೂರ್ವ 167ನ್ನು ನೆನೆಯಬೇಕು. ಆಗ ಸಿರಿಯದಿಂದ ಆಳುತ್ತಿದ್ದ ಗ್ರೀಕ್ ದೊರೆ ನಾಲ್ಕನೆಯ ಅಂತಿಯೋಕನು ಸುನ್ನತಿಯನ್ನೂ ಸಬ್ಬತ್ ಆಚರಣೆಯನ್ನೂ ನಿಷೇಧಿಸಿದ. ಹಂದಿಮಾಂಸ ತಿನ್ನಲು ಒಪ್ಪದೆ ಪ್ರಾಣ ಬಿಟ್ಟ ಎಲ್ಲಾಜಾರನೆಂಬ ಮುದುಕನ ಕಥೆಯನ್ನು ಮಕ್ಕಬಿಯರ ಗ್ರಂಥ ಹೇಳುತ್ತದೆ. ತುತ್ತಿಗಾಗಿ ಹಿರಿಯರು ಜೀವ ತೆತ್ತ ಮೇಲೆ ಆ ತುತ್ತು ಸಣ್ಣದಾಗಿ ಉಳಿಯುವುದಿಲ್ಲ. ಮುಂದಿನ ಜಗಳದಲ್ಲಿ ‘ಹಳೆಯ ಪಕ್ಷ’ದವರೆಂದು ಕಾಣುವ ಜನರನ್ನು ಅಳೆಯುವಾಗ ಈ ಸಂಗತಿಯನ್ನು ಮರೆಯಲಾಗದು.

ಯೇಸು ಹುಟ್ಟಿದ್ದು ಇಂಥ ಜನದಲ್ಲಿ. ಎಂಟನೆಯ ದಿನ ಅವನಿಗೆ ಸುನ್ನತಿಯಾಯಿತು. ಪಸ್ಕ ಹಬ್ಬಕ್ಕೆ ಜೆರೂಸಲೇಮಿಗೆ ಹೋಗಿಬಂದ. ಅರಣ್ಯಕಾಂಡದಲ್ಲಿ ಹೇಳಿರುವ ಗೊಂಡೆಗಳು ಅವನ ಮೇಲುಬಟ್ಟೆಯ ಅಂಚಿನಲ್ಲಿದ್ದವು. ರೋಗಿಷ್ಠೆಯೊಬ್ಬಳು ಹಿಂದಿನಿಂದ ಬಂದು ಮುಟ್ಟಿದ್ದು ಆ ಅಂಚನ್ನೇ. ಸಬ್ಬತ್ತಿನ ದಿನ ರೋಗಿಯನ್ನು ಗುಣಪಡಿಸಬಹುದೆ ಕೂಡದೆ ಎಂದು ಫರಿಸಾಯರೊಡನೆ ಅವನು ವಾದಿಸಿದ್ದುಂಟು, ಬಾಯೊಳಗೆ ಹೋಗುವುದಕ್ಕಿಂತ ಹೃದಯದಿಂದ ಹೊರಡುವುದೇ ಮನುಷ್ಯನನ್ನು ಮೈಲಿಗೆ ಮಾಡುತ್ತದೆ ಎಂದದ್ದುಂಟು. ಆದರೆ ಶಾಸ್ತ್ರದೊಳಗೆ ನಿಂತು ಶಾಸ್ತ್ರಾರ್ಥಕ್ಕಾಗಿ ವಾದಿಸುವುದು ಯೆಹೂದ್ಯರಲ್ಲಿ ಹೊಸದೇನೂ ಅಲ್ಲ. ಬೆಟ್ಟದ ಮೇಲಿನ ಪ್ರಸಂಗದಲ್ಲಿ ತಾನು ಧರ್ಮಶಾಸ್ತ್ರವನ್ನು ಅಳಿಸಲು ಬಂದವನಲ್ಲ, ನೆರವೇರಿಸಲು ಬಂದವನು ಎಂಬ ಅರ್ಥದ ಮಾತನ್ನೂ ಅವನೇ ಆಡಿದ್ದಾನೆ. ಅವನು ಹೋದ ಮೇಲೆ ಶಿಷ್ಯರು ದಿನವೂ ದೇವಾಲಯಕ್ಕೆ ಹೋಗಿ ಪ್ರಾರ್ಥಿಸುತ್ತಿದ್ದರು. ‘ಕ್ರೈಸ್ತರು’ ಎಂಬ ಹೆಸರೇ ಆಗ ಇನ್ನೂ ಹುಟ್ಟಿರಲಿಲ್ಲ.

ತೊಡಕು ಬಂದದ್ದು ಹೊರಗಿನವರು ಒಳಗೆ ಬರತೊಡಗಿದಾಗ. ಸಮುದ್ರತೀರದ ಯೊಪ್ಪ ಎಂಬ ಊರಿನಲ್ಲಿ ಪೇತ್ರನು ಮಧ್ಯಾಹ್ನದ ಪ್ರಾರ್ಥನೆಗೆ ಮಾಳಿಗೆ ಹತ್ತಿದ್ದ. ಹಸಿವಾಗಿತ್ತು, ಕೆಳಗೆ ಅಡಿಗೆ ಇನ್ನೂ ಆಗುತ್ತಿತ್ತು. ಆಗ ಅವನಿಗೊಂದು ದರ್ಶನವಾಯಿತು: ಆಕಾಶದಿಂದ ದೊಡ್ಡ ದುಪ್ಪಟಿಯಂಥದು ಇಳಿದುಬಂತು, ಅದರ ತುಂಬ ಶಾಸ್ತ್ರನಿಷಿದ್ಧವಾದ ಪ್ರಾಣಿಗಳು, ಕೊಂದು ತಿನ್ನು ಎಂಬ ವಾಣಿ. ಪೇತ್ರ ಒಲ್ಲೆನೆಂದ. ಮೂರು ಸಲ ಹೀಗಾಯಿತು. ಇದರ ಅರ್ಥವೇನೆಂದು ಅವನು ತಲೆ ಕೆಡಿಸಿಕೊಂಡಿರುವಾಗಲೇ ಬಾಗಿಲಲ್ಲಿ ಆಳುಗಳು ಬಂದು ನಿಂತರು. ಕೈಸರೈಯದಲ್ಲಿದ್ದ ಕೊರ್ನೇಲ್ಯನೆಂಬ ರೋಮನ್ ಸೈನ್ಯದ ಶತಾಧಿಪತಿ ಅವನನ್ನು ಕರೆಯಕಳುಹಿಸಿದ್ದ. ಪೇತ್ರ ಹೋದ, ಆ ಮನೆಯವರಿಗೆ ದೀಕ್ಷಾಸ್ನಾನವಾಯಿತು. ಜೆರೂಸಲೇಮಿಗೆ ಹಿಂದಿರುಗಿದಾಗ ಸ್ವಂತ ಜನ ಅವನನ್ನು ಹಿಡಿದು ಕೇಳಿದ್ದೇನು ಗೊತ್ತೆ? ದೀಕ್ಷೆ ಏಕೆ ಕೊಟ್ಟೆ ಎಂದಲ್ಲ. ಸುನ್ನತಿಯಿಲ್ಲದವರ ಮನೆಯಲ್ಲಿ ಉಂಡೆಯಲ್ಲ, ಏಕೆ ಎಂದು!

ಇನ್ನು ಅಂತಿಯೋಕ್ಯಕ್ಕೆ ಬರೋಣ. ರೋಮ್ ಸಾಮ್ರಾಜ್ಯದಲ್ಲಿ ರೋಮ್ ಮತ್ತು ಅಲೆಕ್ಸಾಂಡ್ರಿಯಗಳನ್ನು ಬಿಟ್ಟರೆ ಅದೇ ದೊಡ್ಡ ನಗರ. ಯೆಹೂದ್ಯರು, ಗ್ರೀಕರು, ಸಿರಿಯದವರು ಕಲೆತು ಬಾಳುತ್ತಿದ್ದ, ನಮ್ಮ ಮುಂಬಯಿಯಂಥ ವ್ಯಾಪಾರದ ಊರು. ಕ್ರೈಸ್ತರೆಂಬ ಹೆಸರು ಮೊದಲು ಬಿದ್ದದ್ದು ಅಲ್ಲಿಯೇ. ಅಲ್ಲಿಯ ಸಭೆಯಲ್ಲಿ ಯೆಹೂದ್ಯರೂ ಅನ್ಯಜನರೂ ಒಟ್ಟಿಗೆ ಕುಳಿತು ಉಣ್ಣುತ್ತಿದ್ದರು. ಪೇತ್ರನು ಬಂದಾಗ ಅವನೂ ಹಾಗೆಯೇ ಕುಳಿತ. ಆದರೆ ಜೆರೂಸಲೇಮಿನಿಂದ, ಯೇಸುವಿನ ತಮ್ಮನೆನ್ನಿಸಿಕೊಂಡ ಯಾಕೋಬನ ಕಡೆಯಿಂದ, ಕೆಲವರು ಬಂದಿಳಿದರು. ಪೇತ್ರ ಮೆಲ್ಲನೆ ಎದ್ದ. ಬೇರೆ ಪಂಕ್ತಿಗೆ ಸರಿದ. ಅವನನ್ನು ಕಂಡು ಉಳಿದ ಯೆಹೂದ್ಯರೂ ಎದ್ದರು. ಪೌಲನ ಜೊತೆಗಾರನಾದ ಬಾರ್ನಬನೂ ಎದ್ದ. ಪೌಲ ಮಾತ್ರ ಎಲ್ಲರ ಎದುರಿಗೆ ಪೇತ್ರನ ಮುಖಕ್ಕೆ ಹೇಳಿದ, ನೀನು ಮಾಡುತ್ತಿರುವುದು ತಪ್ಪು ಎಂದು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಇದನ್ನು ಅವನೇ ತಿಳಿಸಿದ್ದಾನೆ. ಪೇತ್ರ ಏನುತ್ತರ ಕೊಟ್ಟ, ಮರುದಿನ ಎಲ್ಲಿ ಕುಳಿತು ಉಂಡ ಎಂಬುದನ್ನು ಮಾತ್ರ ಬರೆದಿಲ್ಲ.

ಪೇತ್ರನ ಸಂಕಟ ನಮಗೆ ಅರ್ಥವಾಗದ್ದೇನಲ್ಲ. ಪಟ್ಟಣದಲ್ಲಿ ಎಲ್ಲರೊಡನೆ ಉಂಡು, ಊರಿನಿಂದ ಹಿರಿಯರು ಬಂದಾಗ ತಟ್ಟೆ ಬೇರೆ ಮಾಡಿದವರನ್ನು ನಮ್ಮ ತಂದೆ-ತಾತಂದಿರ ಕಾಲದಲ್ಲಿ ಎಷ್ಟು ಜನರನ್ನು ಹೆಸರಿಸಬಹುದು! ಆದರೆ ಪೌಲ ಕಂಡದ್ದು ಇನ್ನೊಂದು ಮಗ್ಗುಲು. ಪೇತ್ರ ಯಾರಿಗೂ ಸುನ್ನತಿ ಮಾಡಿಸಿಕೊ ಎಂದಿರಲಿಲ್ಲ. ಸುಮ್ಮನೆ ಎದ್ದುಹೋಗಿದ್ದ, ಅಷ್ಟೆ. ಎದ್ದುಹೋದದ್ದೇ ಸಾಕಾಯಿತು. ಉಳಿದು ಕುಳಿತವರಿಗೆ ತಾವು ಕೆಳಗಿನವರೆಂದೂ, ಮೇಲಿನ ಪಂಕ್ತಿಗೆ ಏರಬೇಕಾದರೆ ಯೆಹೂದ್ಯರಾಗಿಯೇ ಏರಬೇಕೆಂದೂ ಹೇಳಿದಂತಾಯಿತು.

ಈ ವಿಷಯವನ್ನು ತೀರ್ಮಾನಿಸಲು ಜೆರೂಸಲೇಮಿನಲ್ಲಿ ಹಿರಿಯರ ಸಭೆ ಸೇರಿತು. ಅದು ಸುಮಾರು ಕ್ರಿ.ಶ. 49ರ ಮಾತು, ಅಂತಿಯೋಕ್ಯದ ಜಗಳ ಅದಕ್ಕೆ ಮುಂಚೆಯೋ ಆಮೇಲೋ ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಸುನ್ನತಿಯಾಗದೆ ರಕ್ಷಣೆಯಿಲ್ಲವೆಂದು ಕೆಲವರು ಪಟ್ಟುಹಿಡಿದರು. ಹೊರಲಾರದ ನೊಗವನ್ನು ಇತರರ ಹೆಗಲಿಗೇಕೆ ಎಂದು ಪೇತ್ರನೇ ಎದ್ದು ಕೇಳಿದ. ಕೊನೆಗೆ ಯಾಕೋಬ ತೀರ್ಪು ಹೇಳಿದ. ಹೊಸಬರಿಗೆ ನಾಲ್ಕೇ ನಾಲ್ಕು ನಿಯಮ: ವಿಗ್ರಹಕ್ಕೆ ನೈವೇದ್ಯ ಮಾಡಿದ್ದು, ರಕ್ತ, ಕತ್ತು ಹಿಸುಕಿ ಕೊಂದ ಪ್ರಾಣಿಯ ಮಾಂಸ, ಹಾದರ ಇವನ್ನು ಬಿಡಬೇಕು. ಈ ತೀರ್ಪನ್ನು ಪತ್ರದಲ್ಲಿ ಬರೆದು ಯೂದ, ಸೀಲ ಎಂಬಿಬ್ಬರ ಕೈಯಲ್ಲಿ ಅಂತಿಯೋಕ್ಯಕ್ಕೆ ಕಳುಹಿಸಿದರು.

ಈ ನಾಲ್ಕೇ ಏಕೆ? ಯಾಜಕಕಾಂಡದ 17, 18ನೆಯ ಅಧ್ಯಾಯಗಳಲ್ಲಿ ಇಸ್ರಾಯೇಲ್ಯರ ನಡುವೆ ಬಂದು ವಾಸಿಸುವ ಪರದೇಶಿಗಳಿಗೂ ಅನ್ವಯಿಸುವ ಕಟ್ಟಳೆಗಳಿವೆ. ಈ ನಾಲ್ಕು ಅವನ್ನೇ ಹೋಲುತ್ತವೆ. ಎಂದರೆ ಯಾಕೋಬನು ಧರ್ಮಶಾಸ್ತ್ರವನ್ನು ಮುಚ್ಚಿಟ್ಟು ತೀರ್ಪು ಹೇಳಲಿಲ್ಲ, ಅದನ್ನು ತೆರೆದಿಟ್ಟುಕೊಂಡೇ ಹೇಳಿದ. ಪರದೇಶಿಯು ಮನೆಯವನಾಗಬೇಕಾಗಿಲ್ಲ, ಒಟ್ಟಿಗೆ ಬಾಳಲು ಬೇಕಾದಷ್ಟು ಕಟ್ಟುಪಾಡು ಸಾಕು ಎಂಬುದು ಅದರ ಸಾರ. ಪರಸ್ಥಳದಲ್ಲಿ ಮನೆಮಾಡಿದ ನಮ್ಮಂಥವರಿಗೆ ಇದು ಬೇಗ ಹಿಡಿಸುವ ನ್ಯಾಯ.

ಗಮನಿಸಬೇಕಾದ್ದು ಇಲ್ಲಿಯೇ ಇದೆ. ಆ ತೀರ್ಪಿಗೆ ಎರಡು ಮಗ್ಗುಲು. ಅನ್ಯಜನರ ಮೇಲೆ ಧರ್ಮಶಾಸ್ತ್ರವನ್ನು ಹೇರಬಾರದೆಂಬುದು ಒಂದು. ಯೆಹೂದ್ಯನಾಗಿ ಹುಟ್ಟಿ ಯೇಸುವನ್ನು ನಂಬಿದವನು ಧರ್ಮಶಾಸ್ತ್ರವನ್ನು ಬಿಡಬೇಕೆಂದು ಆ ಸಭೆ ಎಲ್ಲಿಯೂ ಹೇಳಲಿಲ್ಲವೆಂಬುದು ಇನ್ನೊಂದು. ಕ್ರೈಸ್ತ ಸಭೆ ಮುಂದೆ ಮೊದಲನೆಯದನ್ನು ಭದ್ರವಾಗಿ ನೆನಪಿಟ್ಟುಕೊಂಡಿತು, ಎರಡನೆಯದನ್ನು ಮರೆಯಿತು. ಆ ಮರೆವಿಗೆ ಎಷ್ಟೋ ಜನ ತಲೆ ತೆರಬೇಕಾಯಿತು.

ಪೌಲನಿಗಂತೂ ಎರಡೂ ನೆನಪಿದ್ದವು. ಗ್ರೀಕನಾದ ತೀತನಿಗೆ ಸುನ್ನತಿ ಮಾಡಿಸಲು ಅವನು ಒಪ್ಪಲಿಲ್ಲ. ತಾಯಿ ಯೆಹೂದ್ಯಳಾಗಿದ್ದ ತಿಮೊಥೆಯನಿಗೆ ತಾನೇ ಮಾಡಿಸಿದ. ಧರ್ಮಶಾಸ್ತ್ರವನ್ನು ಅವನು ಹೋಲಿಸಿದ್ದು, ಗ್ರೀಕ್ ಮನೆಗಳಲ್ಲಿ ಹುಡುಗನನ್ನು ಕೈಹಿಡಿದು ಪಾಠಶಾಲೆಗೆ ಕರೆದೊಯ್ಯುತ್ತಿದ್ದ ಆಳಿಗೆ. ಹುಡುಗ ದೊಡ್ಡವನಾದ ಮೇಲೆ ಆಳಿನ ಕಾವಲು ಬೇಡ, ಆದರೆ ಆಳು ಕೆಟ್ಟವನಾಗಿದ್ದನೆಂದು ಯಾರೂ ಹೇಳುವುದಿಲ್ಲ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಇನ್ನೂ ಒಳ್ಳೆಯ ಹೋಲಿಕೆ ಬರುತ್ತದೆ. ಇಸ್ರಾಯೇಲು ಊರ ಎಣ್ಣೆಮರ, ಅನ್ಯಜನರು ಅದಕ್ಕೆ ಕಸಿಮಾಡಿದ ಕಾಡು ಎಣ್ಣೆಮರದ ಕೊಂಬೆ. ಬೇರು ಕೊಂಬೆಯನ್ನು ಹೊತ್ತಿದೆ, ಕೊಂಬೆ ಬೇರನ್ನು ಹೊತ್ತಿಲ್ಲ, ಆದ್ದರಿಂದ ಕೊಂಬೆ ಜಂಬಪಡಕೂಡದು ಎಂಬ ಭಾವ. ಮಾವಿನ ಕಸಿ ಮಾಡಿ ಬಲ್ಲವರು ನಗಬಹುದು. ನಾವು ನಾಟಿಗಿಡಕ್ಕೆ ಜಾತಿಮಾವನ್ನು ಕಟ್ಟುತ್ತೇವೆಯೇ ಹೊರತು ಜಾತಿಮರಕ್ಕೆ ಕಾಡಿನ ಕಡ್ಡಿಯನ್ನು ಕಟ್ಟುವುದಿಲ್ಲ. ಈ ಕಸಿ ಸ್ವಭಾವಕ್ಕೆ ವಿರುದ್ಧವಾದದ್ದೆಂದು ಪೌಲನೇ ಬರೆದಿದ್ದಾನೆ.

ಯಾಕೋಬನ ನಾಲ್ಕು ನಿಯಮಗಳು ಏನಾದವು? ರಕ್ತದ ನಿಷೇಧ ಪೂರ್ವದೇಶದ ಸಭೆಗಳ ಕಟ್ಟಳೆಯಲ್ಲಿ ಉಳಿಯಿತು. ಪಶ್ಚಿಮದಲ್ಲಿ ಸಂತ ಅಗಸ್ಟೀನನ ಕಾಲಕ್ಕೇ ಸಡಿಲವಾಗಿತ್ತು. ಆದರೆ ಮೊದಲನೆಯ ನಿಯಮ, ಆ ನೈವೇದ್ಯದ್ದು, ನಮ್ಮ ಕಟ್ಟಡಗಳ ಮೆಟ್ಟಿಲಿನಲ್ಲಿ ಇಂದಿಗೂ ಜೀವಂತವಾಗಿದೆ. ಗಣೇಶನ ಹಬ್ಬದ ದಿನ ಮೋದಕದ ತಟ್ಟೆ ಹಿಡಿದು ನೆರೆಮನೆಯ ಕದ ತಟ್ಟುತ್ತೇವೆ. ಕ್ರೈಸ್ತ ಗೃಹಿಣಿ ನಗುಮೊಗದಿಂದ ತಟ್ಟೆ ತೆಗೆದುಕೊಳ್ಳುವ ಮನೆಯೂ ಉಂಟು, ‘ಪ್ರಸಾದವಾದರೆ ಬೇಡ, ತಪ್ಪು ತಿಳಿಯಬೇಡಿ’ ಎಂದು ಹಿಂದೆ ಸರಿಯುವ ಮನೆಯೂ ಉಂಟು. ನಮ್ಮವರಲ್ಲಿ ಕೆಲವರು ಇದರಿಂದ ನೊಂದುಕೊಳ್ಳುತ್ತಾರೆ. ಕೊರಿಂಥದವರಿಗೆ ಪೌಲ ಬರೆದದ್ದನ್ನು ಓದಿದರೆ ಆ ಎರಡು ನಡವಳಿಕೆಗಳೂ ಎಲ್ಲಿಂದ ಬಂದವೆಂದು ತಿಳಿಯುತ್ತದೆ.

ಕೊರಿಂಥ ಪಟ್ಟಣದಲ್ಲಿ ಅಂಗಡಿಯ ಮಾಂಸದಲ್ಲಿ ಎಷ್ಟೋ ಪಾಲು ಗುಡಿಯಲ್ಲಿ ಬಲಿಯಾದದ್ದು. ಅದನ್ನು ತಿನ್ನಬಹುದೆ? ಪೌಲ ಒಂದೇ ಮಾತಿನಲ್ಲಿ ತೀರಿಸಲಿಲ್ಲ. ಗುಡಿಯಲ್ಲೇ ಕುಳಿತು ಪೂಜೆಯ ಊಟದಲ್ಲಿ ಪಾಲುಗೊಳ್ಳುವುದು ಕೂಡದು. ಅಂಗಡಿಯಲ್ಲಿ ಮಾರುವುದನ್ನು ವಿಚಾರಣೆ ಮಾಡದೆ ಕೊಂಡು ತಿನ್ನಬಹುದು. ಬೇರೆ ಮತದವನು ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಪ್ರಶ್ನೆಯಿಲ್ಲದೆ ತಿನ್ನಬಹುದು. ಆದರೆ ಪಕ್ಕದವನು ‘ಇದು ದೇವರಿಗೆ ಒಪ್ಪಿಸಿದ್ದು’ ಎಂದು ಬಾಯಿಬಿಟ್ಟು ಹೇಳಿದರೆ ತಿನ್ನಬಾರದು. ಅದೂ ಪದಾರ್ಥದಲ್ಲಿ ದೋಷವಿದೆಯೆಂದಲ್ಲ, ಹೇಳಿದವನ ಮನಸ್ಸಾಕ್ಷಿಯ ಸಲುವಾಗಿ. ಎಷ್ಟು ಸೂಕ್ಷ್ಮ ನೋಡಿ! ಅದೇ ಮೋದಕವನ್ನು ‘ಹಬ್ಬದ ಸಿಹಿ’ ಎಂದು ಕೊಟ್ಟರೆ ಒಂದು ಲೆಕ್ಕ, ‘ಪ್ರಸಾದ’ ಎಂದು ಕೊಟ್ಟರೆ ಇನ್ನೊಂದು ಲೆಕ್ಕ. ಹಬ್ಬದ ದಿನ ನೈವೇದ್ಯಕ್ಕೆ ಮುಂಚೆಯೇ ಒಂದು ಪಾಲನ್ನು ತೆಗೆದಿಟ್ಟು ಕ್ರೈಸ್ತ ನೆರೆಯವರಿಗೆ ಕಳುಹಿಸುವ ಗೃಹಿಣಿಯರನ್ನು ನಾವು ಬಲ್ಲೆವು. ಅವರು ಕೊರಿಂಥದ ಪತ್ರ ಓದಿದವರಲ್ಲ. ಆದರೂ ಪೌಲ ಕಂಡಿದ್ದರೆ ತಲೆದೂಗುತ್ತಿದ್ದ.

ಮುಂದಿನ ಚರಿತ್ರೆ ಇಷ್ಟು ಸೊಗಸಾಗಿಲ್ಲ. ಕ್ರಿ.ಶ. 70ರಲ್ಲಿ ರೋಮನ್ನರು ಜೆರೂಸಲೇಮಿನ ದೇವಾಲಯವನ್ನು ಕೆಡವಿದರು. ಬಲಿವಿಧಿಗಳೆಲ್ಲ ಅಂದಿಗೇ ನಿಂತವು. ಕ್ರೈಸ್ತರಲ್ಲಿ ಅನ್ಯಜನರ ಸಂಖ್ಯೆ ಬೆಳೆದು ಯೆಹೂದ್ಯರು ಅಲ್ಪಸಂಖ್ಯಾತರಾದರು. ಸುಮಾರು 144ರಲ್ಲಿ ರೋಮಿನಲ್ಲಿ ಮಾರ್ಸಿಯನ್ ಎಂಬವನು ಹಳೆಯ ಒಡಂಬಡಿಕೆಯನ್ನೇ ಬಿಸುಟುಬಿಡಬೇಕೆಂದ. ಸಭೆ ಒಪ್ಪದೆ ಅವನನ್ನೇ ಹೊರಹಾಕಿತು. ನಮ್ಮ ಓದುಗರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ: ಪುಸ್ತಕವನ್ನು ಬಿಡೆವು, ಅನ್ಯಜನರ ಮೇಲೆ ಅದರ ಕಟ್ಟಳೆ ಹೊರಿಸೆವು ಎಂದು ಸಭೆ ಬುದ್ಧಿಪೂರ್ವಕವಾಗಿಯೇ ಆರಿಸಿಕೊಂಡಿತು. ಆ ಶತಮಾನದ ನಡುವಿನಲ್ಲಿದ್ದ ಜಸ್ಟಿನ್ ಎಂಬ ವಿದ್ವಾಂಸ, ಧರ್ಮಶಾಸ್ತ್ರವನ್ನು ಪಾಲಿಸುವ ಯೆಹೂದ್ಯ ಕ್ರೈಸ್ತರು ಇತರರನ್ನು ಬಲವಂತ ಮಾಡದಿದ್ದರೆ ತನಗೆ ಸೋದರರೇ ಎಂದು ಬರೆದ. ಹಾಗೆ ಒಪ್ಪದ ಕ್ರೈಸ್ತರೂ ಇದ್ದಾರೆಂದು ಅವನೇ ಸೇರಿಸಿದ್ದಾನೆ. ಆ ಒಪ್ಪದವರ ಕೈಯೇ ಮೇಲಾಯಿತು.

321ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಭಾನುವಾರವನ್ನು ವಿಶ್ರಾಂತಿಯ ದಿನವೆಂದು ಸಾರಿದ. ಅದೇ ಶತಮಾನದಲ್ಲಿ ಲವೊದಿಕೀಯದಲ್ಲಿ ಸೇರಿದ ಸಭೆ, ಕ್ರೈಸ್ತರು ಶನಿವಾರ ಸುಮ್ಮನಿರಬಾರದು, ಆ ದಿನ ಕೆಲಸ ಮಾಡಲೇಬೇಕು ಎಂದು ನಿಯಮ ಮಾಡಿತು. ಎಲ್ಲಿಂದ ಎಲ್ಲಿಗೆ ಬಂತು ನೋಡಿ! ಮೊದಲು ‘ಪಾಲಿಸಬೇಕಾಗಿಲ್ಲ’ ಎಂದಿದ್ದದ್ದು ಈಗ ‘ಪಾಲಿಸಕೂಡದು’ ಎಂದಾಯಿತು. 386-387ರಲ್ಲಿ ಅದೇ ಅಂತಿಯೋಕ್ಯದಲ್ಲಿ ಜಾನ್ ಕ್ರಿಸೊಸ್ತೊಮನೆಂಬ ಪ್ರಸಿದ್ಧ ಪ್ರಸಂಗಿ ಯೆಹೂದ್ಯರ ಮೇಲೆ ಅತಿ ಕಟುವಾದ ಉಪನ್ಯಾಸಗಳನ್ನು ಮಾಡಿದ. ಕಾರಣವೇನೆಂದರೆ ಅವನ ಸಭೆಯ ಸಾಮಾನ್ಯ ಜನರು ಯೆಹೂದ್ಯರ ಸಭಾಮಂದಿರಕ್ಕೆ ಹೋಗಿ ಹೊಸವರ್ಷದ ಕೊಂಬಿನ ಧ್ವನಿ ಕೇಳಿ, ಅವರ ಉಪವಾಸ ಹಿಡಿದು ಬರುತ್ತಿದ್ದರು. ಪೇತ್ರ ಎದ್ದುಹೋದ ಪಂಕ್ತಿಯನ್ನು ಮುನ್ನೂರು ವರ್ಷಗಳ ಮೇಲೂ ಜನ ಹೇಗೋ ಕೂಡಿಸಿಕೊಂಡೇ ಇದ್ದರು. ಅದನ್ನು ಬಿಡಿಸಲು ದೊಡ್ಡವರ ವಾಗ್ಮಿತೆ ಬೇಕಾಯಿತು. ಆ ಉಪನ್ಯಾಸಗಳನ್ನು ಮುಂದಿನ ಶತಮಾನಗಳಲ್ಲಿ ಯೆಹೂದ್ಯದ್ವೇಷಿಗಳು ಬೇಕಾದಂತೆ ಬಳಸಿಕೊಂಡರು.

ಹದಿಮೂರನೆಯ ಶತಮಾನದಲ್ಲಿ ತೋಮಾಸ್ ಅಕ್ವಿನಾಸ್ ಧರ್ಮಶಾಸ್ತ್ರವನ್ನು ನೀತಿ, ವಿಧಿ, ನ್ಯಾಯ ಎಂದು ಮೂರಾಗಿ ವಿಂಗಡಿಸಿ, ಕೊಲೆ-ಕಳವು ಕೂಡದೆಂಬ ನೀತಿಯ ಭಾಗ ಎಲ್ಲರಿಗೂ ಸದಾ ಸಲ್ಲುವುದೆಂದೂ ಉಳಿದೆರಡರ ಕಾಲ ಮುಗಿಯಿತೆಂದೂ ವಿವರಿಸಿದ. ಇಂದಿಗೂ ಪಾದ್ರಿಗಳು ಬಹುಮಟ್ಟಿಗೆ ಈ ಉತ್ತರವನ್ನೇ ಕೊಡುತ್ತಾರೆ. ಅಚ್ಚುಕಟ್ಟಾದ ಉತ್ತರ. ಆದರೆ ಮುಗಿದದ್ದೆಂದು ಹೇಳಿದ ವಿಧಿಯನ್ನು ಯಾರಾದರೂ ಪಾಲಿಸಿಬಿಟ್ಟರೆ?

ಇದಕ್ಕೆ ಉತ್ತರ ನಮ್ಮ ಪಶ್ಚಿಮ ಕರಾವಳಿಯಲ್ಲೇ ಸಿಕ್ಕುತ್ತದೆ. ಪೋರ್ಚುಗಲ್ಲಿನಲ್ಲಿ 1497ರಲ್ಲಿ ಯೆಹೂದ್ಯರಿಗೆ ಬಲವಂತದ ದೀಕ್ಷಾಸ್ನಾನವಾಯಿತು. ಆಮೇಲೆ ಈ ‘ಹೊಸ ಕ್ರೈಸ್ತ’ರ ಮನೆಗಳ ಮೇಲೆ ಕಣ್ಣಿಡಲು ವಿಚಾರಣಾ ನ್ಯಾಯಾಲಯ ಬಂತು, 1560ರಲ್ಲಿ ಗೋವೆಗೂ ಬಂತು. ಸ್ಪೇನ್, ಪೋರ್ಚುಗಲ್ಲುಗಳಲ್ಲಿ ಆ ನ್ಯಾಯಾಲಯದವರು ಹುಡುಕುತ್ತಿದ್ದ ಕುರುಹುಗಳೆಲ್ಲ ಅಡಿಗೆಮನೆಯವೇ, ಹೆಂಗಸರ ಕೆಲಸಗಳೇ: ಶುಕ್ರವಾರ ಸಂಜೆ ದೀಪ ಹಚ್ಚಿದರೆ? ಶನಿವಾರ ಮಡಿಬಟ್ಟೆ ಉಟ್ಟರೆ? ಹಂದಿಮಾಂಸ ಬೇಡವೆಂದರೆ? ಗಾರ್ಸಿಯ ದ ಓರ್ತ ಎಂಬ ವೈದ್ಯ ಇಂಥ ಮನೆತನದವನು. 1534ರಲ್ಲಿ ಭಾರತಕ್ಕೆ ಬಂದ. ನಮ್ಮ ದೇಶದ ಮೂಲಿಕೆ, ಸಂಬಾರ, ಹಣ್ಣುಗಳನ್ನು ಕುರಿತು ಅವನು ಬರೆದ ಗ್ರಂಥ 1563ರಲ್ಲಿ ಗೋವೆಯಲ್ಲಿ ಅಚ್ಚಾಗಿ ಯುರೋಪಿನಲ್ಲೆಲ್ಲ ಹೆಸರಾಯಿತು. ಮುಂಬಯಿಯ ದ್ವೀಪವನ್ನೇ ಅವನಿಗೆ ಗುತ್ತಿಗೆ ಕೊಟ್ಟಿದ್ದರು; ಈಗಿನ ಕೋಟೆ ಪ್ರದೇಶದಲ್ಲಿ ಅವನ ಮನೆಯಿತ್ತು. 1568ರಲ್ಲಿ ಗೌರವದಿಂದಲೇ ತೀರಿಕೊಂಡ. ಮರುವರ್ಷ ಅವನ ತಂಗಿ ಕಾತರೀನಳನ್ನು ಗೋವೆಯಲ್ಲಿ ಸುಟ್ಟರು. ಗುಟ್ಟಾಗಿ ಯೆಹೂದ್ಯ ಧರ್ಮ ನಡೆಸಿದಳೆಂಬುದು ಅಪರಾಧ. 1580ರಲ್ಲಿ ಓರ್ತನ ಮೂಳೆಗಳನ್ನೂ ಅಗೆದು ತೆಗೆದು ಸುಟ್ಟರು. ಹಿಂದೂಗಳ ಮೇಲೆ ಆ ನ್ಯಾಯಾಲಯ ನಡೆಸಿದ ದಬ್ಬಾಳಿಕೆಯನ್ನು ಗೋವೆಯಿಂದ ಕೆನರಾ ಕಡೆಗೆ ಬಂದ ಕೊಂಕಣಿ ಮನೆತನಗಳು ಇಂದಿಗೂ ನೆನೆಯುತ್ತವೆ. ಆದರೆ ಅದು ಮೊದಲು ಬಂದದ್ದು ಹೊಸ ಕ್ರೈಸ್ತರನ್ನು ಹುಡುಕಿಕೊಂಡು. ಶನಿವಾರವನ್ನು ಪಾಲಿಸಿ, ಹಂದಿಮಾಂಸ ಮುಟ್ಟದೆ ಬಾಳಿದ ಯೇಸುವಿನ ಹೆಸರಿನಲ್ಲೇ ಇದೆಲ್ಲ ನಡೆಯಿತೆಂದರೆ ಹೇಳುವುದಕ್ಕೆ ಮಾತು ಸಾಲದು.

ಇದೇ ಕರಾವಳಿಯಲ್ಲಿ ಬೇರೊಂದು ಬಗೆಯೂ ನಡೆದಿದೆ. ಕೊಲಾಬಾ ಜಿಲ್ಲೆಯ, ಎಂದರೆ ಈಗಿನ ರಾಯಗಡದ, ಹಳ್ಳಿಗಳಲ್ಲಿ ಎಣ್ಣೆ ಗಾಣ ನಡೆಸುತ್ತಿದ್ದ ಬೆನೆ ಇಸ್ರೇಲ್ ಎಂಬ ಯೆಹೂದ್ಯರಿದ್ದರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ನೆರೆಯವರು ಅವರನ್ನು ‘ಶನಿವಾರ ತೇಲಿ’ ಎಂದರು. ಮುಂಬಯಿಯಲ್ಲಿ ಅವರ ಮೊದಲ ಸಭಾಮಂದಿರವನ್ನು 1796ರಲ್ಲಿ ಕಟ್ಟಿಸಿದ ಸಾಮ್ಯುಯೆಲ್ ದಿವೇಕರ್ ಟಿಪ್ಪುವಿನ ಸೆರೆಯಲ್ಲಿದ್ದು ಬಂದವನೆಂಬುದು ಕನ್ನಡಿಗರಿಗೆ ಸ್ವಾರಸ್ಯದ ಸಂಗತಿ. ಇರಲಿ. ಈ ಜನರಲ್ಲಿ ಸುನ್ನತಿ, ಸಬ್ಬತ್ತುಗಳು ಉಳಿದಿದ್ದರೂ ಹೀಬ್ರೂ ಭಾಷೆ ಮರೆತುಹೋಗಿತ್ತು. 1829ರಲ್ಲಿ ಮುಂಬಯಿಗೆ ಬಂದ ಸ್ಕಾಟ್ಲೆಂಡಿನ ಪಾದ್ರಿ ಜಾನ್ ವಿಲ್ಸನ್ ಅವರಿಗಾಗಿ ಮರಾಠಿಯಲ್ಲಿ ಹೀಬ್ರೂ ವ್ಯಾಕರಣ ಬರೆದ, ಅವರ ಮಕ್ಕಳಿಗೆ ಶಾಲೆ ನಡೆಸಿದ. ಹಳೆಯ ಒಡಂಬಡಿಕೆ ಓದಿದರೆ ಹೊಸದಕ್ಕೂ ಬರುವರೆಂಬುದು ಅವನ ಆಸೆ. ಕ್ರೈಸ್ತರಾದವರು ಬೆರಳೆಣಿಕೆಯಷ್ಟು. ಉಳಿದವರು ಅವನು ಕಲಿಸಿದ ವಿದ್ಯೆಯಿಂದಲೇ ತಮ್ಮ ಧರ್ಮಶಾಸ್ತ್ರವನ್ನು ಇನ್ನಷ್ಟು ಚೆನ್ನಾಗಿ ಓದಿಕೊಂಡು ಇನ್ನಷ್ಟು ಗಟ್ಟಿ ಯೆಹೂದ್ಯರಾದರು!

ಎಲ್ಲ ಕ್ರೈಸ್ತರೂ ಕಟ್ಟಳೆಗಳನ್ನು ಬಿಟ್ಟರೆಂದೂ ಅಲ್ಲ. ಇಥಿಯೋಪಿಯದ ಪ್ರಾಚೀನ ಸಭೆಯಲ್ಲಿ ಗಂಡುಮಕ್ಕಳಿಗೆ ಎಂಟನೆಯ ದಿನ ಸುನ್ನತಿಯಾಗುತ್ತದೆ, ಹಂದಿಮಾಂಸ ವರ್ಜ್ಯ, ಶನಿವಾರ ಭಾನುವಾರ ಎರಡೂ ಪವಿತ್ರ. ಅಮೆರಿಕದಲ್ಲಿ 1863ರಲ್ಲಿ ಸಂಘಟಿತರಾದ ಸೆವೆಂತ್‌ಡೇ ಅಡ್ವೆಂಟಿಸ್ಟರು ಶನಿವಾರವನ್ನೇ ಪಾಲಿಸುವವರು. ಪುಣೆಯ ಓದುಗರಿಗೆ ಅವರ ಸ್ಪೈಸರ್ ವಿದ್ಯಾಸಂಸ್ಥೆಯ ಪರಿಚಯವಿರಬಹುದು. ರೋಮಿನ ಸಭೆಯೂ ಬದಲಾಯಿತು. ನಾಜಿಗಳ ಕೈಯಲ್ಲಿ ಅರುವತ್ತು ಲಕ್ಷ ಯೆಹೂದ್ಯರು ಸತ್ತ ಮೇಲೆ, 1965ರ ಅಕ್ಟೋಬರ್ 28ರಂದು ವ್ಯಾಟಿಕನ್ ಮಹಾಸಭೆ ಹೊರಡಿಸಿದ ಪ್ರಕಟಣೆ ಪೌಲನ ಎಣ್ಣೆಮರದ ಹೋಲಿಕೆಯನ್ನೇ ಮತ್ತೆ ಎತ್ತಿಕೊಂಡಿತು. 2015ರಲ್ಲಿ ಹೊರಬಂದ ಇನ್ನೊಂದು ಪತ್ರ, ಯೆಹೂದ್ಯರನ್ನು ಮತಾಂತರಿಸಲು ಕಥೋಲಿಕ ಸಭೆ ವಿಶೇಷ ಸಂಸ್ಥೆಗಳನ್ನು ನಡೆಸುವುದಿಲ್ಲ, ಅಂಥವಕ್ಕೆ ಬೆಂಬಲವನ್ನೂ ಕೊಡುವುದಿಲ್ಲ ಎಂದಿತು. ಮರೆತ ಎರಡನೆಯ ಮಗ್ಗುಲನ್ನು ನೆನೆಯಲು ಸಾವಿರದ ಒಂಬೈನೂರು ವರ್ಷ ಹಿಡಿಯಿತೆನ್ನಬೇಕು.

ಅಂತಿಯೋಕ್ಯ ಈಗ ಟರ್ಕಿಯ ಅಂತಾಕ್ಯ. 2023ರ ಫೆಬ್ರವರಿಯ ಭೂಕಂಪದಲ್ಲಿ ಆ ಊರು ಬಹುಪಾಲು ನೆಲಸಮವಾಯಿತು. ಕುಸಿದ ಕಟ್ಟಡಗಳಲ್ಲಿ ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರ ಮುಖ್ಯ ದೇವಾಲಯವೂ ಒಂದು. ಅದು ಪೇತ್ರ ಪೌಲ ಇಬ್ಬರ ಹೆಸರನ್ನೂ ಜೊತೆಯಾಗಿ ಹೊತ್ತಿತ್ತು.

ಕೊನೆಯದಾಗಿ, ನಮ್ಮ ಮಲೆಯಾಳಿ ನೆರೆಯವರ ಮನೆಯ ವಿಷಯ. ಕೇರಳದ ಸಿರಿಯನ್ ಕ್ರೈಸ್ತರು ಈಸ್ಟರಿಗೆ ಮುಂಚಿನ ಗುರುವಾರ ರಾತ್ರಿ ‘ಪೆಸಹ ಅಪ್ಪಂ’ ಮಾಡುತ್ತಾರೆ. ಪೆಸಹ ಎಂದರೆ ಪಸ್ಕ ಹಬ್ಬವೇ. ಅಕ್ಕಿಹಿಟ್ಟು, ಉದ್ದು ಸೇರಿಸಿ ಹುಳಿಬರಿಸದೆ ಬೇಯಿಸಿದ ಅಪ್ಪ. ಹುಳಿಯಿಲ್ಲದ ರೊಟ್ಟಿಯ ವಿಧಿ ವಿಮೋಚನಕಾಂಡದ್ದು. ಮೇಲೆ ಗರಿಯ ಶಿಲುಬೆ ಇಟ್ಟಿರುತ್ತಾರೆ. ಜೊತೆಗೆ ತೆಂಗಿನಹಾಲು ಬೆಲ್ಲದ ಪಾಯಸದಂಥ ಪಾನಕ. ಪ್ರಾರ್ಥನೆ ಮುಗಿಸಿ ಮನೆಯ ಯಜಮಾನ ಅಪ್ಪವನ್ನು ಮುರಿದು ಹಿರಿಯರಿಂದ ಮೊದಲುಮಾಡಿ ಎಲ್ಲರಿಗೂ ಹಂಚುತ್ತಾನೆ. ಆ ವರ್ಷ ಮನೆಯಲ್ಲಿ ಸಾವಾಗಿದ್ದರೆ ಅವರು ಅಪ್ಪ ಮಾಡುವಂತಿಲ್ಲ. ಅಂಥ ಮನೆಗೆ ನೆರೆಯವರೂ ನಂಟರೂ ತಮ್ಮ ಮನೆಯದನ್ನು ತಂದುಕೊಡುತ್ತಾರೆ.